ಹಳೆ ಲ್ಯಾಪ್‌ಟಾಪ್‌ನಲ್ಲಿ ವೆಬ್ ಸರ್ವರ್: ದುಡ್ಡು ಎಲ್ಲಿ ಬೇಕು, ಎಲ್ಲಿ ಬೇಡ

ಪ್ರಶ್ನೆ: 4 ಜಿಬಿ ರ‍್ಯಾಮ್‌ನ ಹಳೆ ಲ್ಯಾಪ್‌ಟಾಪ್ ಮನೆಯಲ್ಲಿ ಸುಮ್ನೆ ಬಿದ್ದಿದೆ. ನಾನು ಬರೆದ ಚಿಕ್ಕ ವೆಬ್‌ಸೈಟನ್ನು ಅದರಲ್ಲೇ ಓಡಿಸಬೇಕು, ಸ್ನೇಹಿತರೂ ಅವರವರ ಮನೆಯಿಂದ ನೋಡುವಂತಿರಬೇಕು. ಕಾಲೇಜಿನಲ್ಲಿ ಕಲಿತದ್ದು ಕ್ಸಾಂಪ್ (ವೆಬ್ ಸರ್ವರ್, ಡೇಟಾಬೇಸ್ ಒಟ್ಟಿಗೆ ಬರುವ ಪ್ಯಾಕೇಜ್) ಮಾತ್ರ. ಕಡಿಮೆ ಬೆಲೆಯ ಸರ್ವರ್ ಸಾಫ್ಟ್‌ವೇರ್ ಯಾವುದಿದೆ?

ಉತ್ತರ: ಸಾಫ್ಟ್‌ವೇರ್‌ಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಸೈಟಿನ ಪುಟಗಳನ್ನು ಕೇಳಿದವರಿಗೆ ಕಳಿಸುವ ವೆಬ್ ಸರ್ವರ್‌ಗಳಾದ ಅಪಾಚೆ 1995ರಿಂದ, ಎಂಜಿನ್‌ಎಕ್ಸ್ 2004ರಿಂದ ಉಚಿತವಾಗಿಯೇ ಸಿಗುತ್ತಿವೆ. ದೊಡ್ಡ ದೊಡ್ಡ ಸೈಟುಗಳು ಓಡುವುದೂ ಇವುಗಳ ಮೇಲೆಯೇ. ಲ್ಯಾಪ್‌ಟಾಪ್‌ಗೆ ಡೆಬಿಯನ್ (ಉಚಿತ ಲಿನಕ್ಸ್ ಆಪರೇಟಿಂಗ್ ಸಿಸ್ಟಂ) ಹಾಕಿ, ಅದರ ಜೊತೆ ಕಿಟಕಿ-ಐಕಾನ್‌ಗಳ ಡೆಸ್ಕ್‌ಟಾಪ್ ಬೇಡ. 4 ಜಿಬಿ ಧಾರಾಳವಾಗಿ ಸಾಕು.

ಮನೆಗೆ ನಾನು ಹೇಳುವುದು ಕ್ಯಾಡಿ, ಇದೂ ಉಚಿತ ವೆಬ್ ಸರ್ವರ್. ಸೈಟಿನ ಹೆಸರು, ಫೈಲುಗಳು ಎಲ್ಲಿವೆ, ಅವನ್ನು ತೋರಿಸು ಎಂಬ ಆದೇಶ, ಹೀಗೆ ಅದರ ಸೆಟ್ಟಿಂಗ್ ಫೈಲಾದ ಕ್ಯಾಡಿಫೈಲ್‌ನಲ್ಲಿ ಮೂರ್ನಾಲ್ಕು ಸಾಲು ಬರೆದರೆ ಮುಗಿಯಿತು. ಎಚ್‌ಟಿಟಿಪಿಎಸ್‌ಗೆ (ಸುರಕ್ಷಿತ ಸಂಪರ್ಕಕ್ಕೆ) ಬೇಕಾದ ಸರ್ಟಿಫಿಕೇಟನ್ನು ಕ್ಯಾಡಿಯೇ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆಯಿಂದ ಉಚಿತವಾಗಿ ತರುತ್ತದೆ, ಅವಧಿ ಮುಗಿಯುವ ಮೊದಲು ತಾನೇ ನವೀಕರಿಸುತ್ತದೆ. ಕೆಲಸಕ್ಕಾಗಿ ಕಲಿಯುವ ಆಸೆ ಇದ್ದರೆ ಎಂಜಿನ್‌ಎಕ್ಸ್ ಹಿಡಿಯಿರಿ, ಕಂಪನಿಗಳಲ್ಲಿ ಅದರ ಬಳಕೆ ಜಾಸ್ತಿ.

ಕ್ಸಾಂಪ್ ಕಲಿಯಲು ಚೆನ್ನಾಗಿದೆ, ಆದರೆ ಅದನ್ನು ದಯವಿಟ್ಟು ಇಂಟರ್ನೆಟ್‌ಗೆ ತೆರೆಯಬೇಡಿ. ಅದರ ಡೇಟಾಬೇಸ್‌ನ ರೂಟ್ ಖಾತೆಗೆ (ಪೂರ್ಣ ಅಧಿಕಾರದ ಖಾತೆಗೆ) ಮೊದಲಿಗೆ ಪಾಸ್‌ವರ್ಡೇ ಇರುವುದಿಲ್ಲ! ಅದು ಡೆವಲಪರ್ ತನ್ನ ಯಂತ್ರದಲ್ಲಿ ಪ್ರಯೋಗ ಮಾಡಲಿ ಎಂದೇ ಮಾಡಿದ್ದು.

ನಿಜವಾದ ತೊಡಕು ಬೇರೆ ಕಡೆ ಇದೆ. ನಮ್ಮಲ್ಲಿ ಹಲವು ಬ್ರಾಡ್‌ಬ್ಯಾಂಡ್ ಸಂಪರ್ಕಗಳು ಸಿಜಿನ್ಯಾಟ್ ಹಿಂದೆ ಇರುತ್ತವೆ, ಅಂದರೆ ಒಂದೇ ಹೊರಗಿನ ಐಪಿಯನ್ನು (ಇಂಟರ್ನೆಟ್ ವಿಳಾಸವನ್ನು) ಕಂಪನಿ ಹಲವು ಮನೆಗಳಿಗೆ ಹಂಚಿರುತ್ತದೆ. ಹಾಗಿದ್ದರೆ ರೂಟರ್‌ನಲ್ಲಿ ಎಷ್ಟು ಪೋರ್ಟ್ ಫಾರ್ವರ್ಡ್ ಮಾಡಿದರೂ (ಹೊರಗಿನಿಂದ ಬಂದದ್ದನ್ನು ಲ್ಯಾಪ್‌ಟಾಪ್‌ಗೆ ದಾಟಿಸಿದರೂ) ಐಪಿವಿ4ನಲ್ಲಿ, ಅಂದರೆ ಹಳೆಯ ಮಾದರಿಯ ಐಪಿ ವಿಳಾಸದಲ್ಲಿ, ಯಾರೂ ನಿಮ್ಮ ಮನೆವರೆಗೆ ಬರಲಾರರು. ಕ್ಯಾಡಿಗೆ ಸರ್ಟಿಫಿಕೇಟೂ ಸಿಗದೆ ಹೋಗಬಹುದು, ಆಗ ತಪ್ಪು ಕ್ಯಾಡಿಯದು ಅಂದುಕೊಂಡು ಅದನ್ನೇ ಕೆದಕುತ್ತಾ ಕೂರುವವರು ಬಹಳ ಜನ. ರೂಟರ್‌ನ ಸೆಟ್ಟಿಂಗ್ ಪುಟ ತೆರೆದು ವ್ಯಾನ್ ಐಪಿ (ರೂಟರ್‌ಗೆ ಕಂಪನಿ ಕೊಟ್ಟ ವಿಳಾಸ) ನೋಡಿ. ಅದು 100.64ರಿಂದ 100.127ರ ಒಳಗೆ ಶುರುವಾಗಿದ್ದರೆ, ಅಥವಾ ಐಪಿ ತೋರಿಸುವ ಸೈಟಿನಲ್ಲಿ ಕಾಣುವುದಕ್ಕೂ ಇದಕ್ಕೂ ತಾಳೆಯಾಗದಿದ್ದರೆ, ನೀವು ಸಿಜಿನ್ಯಾಟ್ ಹಿಂದೆಯೇ ಇದ್ದೀರಿ ಎನ್ನಬಹುದು.

ಡೊಮೇನ್ (ಸೈಟಿಗೆ ಸ್ವಂತ ಹೆಸರು) ಕೊಳ್ಳುವ ಮೊದಲೇ ಇದನ್ನು ನೋಡಿ. ಪಬ್ಲಿಕ್ ಐಪಿ ಇದ್ದರೆ, ಅಂದರೆ ಸಿಜಿನ್ಯಾಟ್ ಇಲ್ಲದಿದ್ದರೆ, ಡಕ್‌ಡಿಎನ್‌ಎಸ್‌ನ ಉಚಿತ ಹೆಸರೇ ಸಾಕು, ಖರ್ಚೇ ಇಲ್ಲ. ಇಲ್ಲದಿದ್ದರೆ ಕ್ಲೌಡ್‌ಫ್ಲೇರ್ ಟನೆಲ್ ಬಳಸಿ: ನಿಮ್ಮ ಯಂತ್ರವೇ ಹೊರಗೆ ಸಂಪರ್ಕ ಹಿಡಿದಿಡುತ್ತದೆ, ಬರುವವರು ಅದೇ ದಾರಿಯಲ್ಲಿ ಒಳಗೆ ಬರುತ್ತಾರೆ, ಪೋರ್ಟ್ ತೆರೆಯುವ ಕೆಲಸವೇ ಇಲ್ಲ. ಇದು ಉಚಿತ, ಆದರೆ ಸ್ವಂತ ಡೊಮೇನ್ ಬೇಕು. ನಡುವೆ ಹೋಗುವ ಮಾಹಿತಿಯ ಗೂಢಲಿಪಿ ಕ್ಲೌಡ್‌ಫ್ಲೇರ್‌ನ ಯಂತ್ರದಲ್ಲಿ ಬಿಚ್ಚಿಕೊಳ್ಳುತ್ತದೆ ಎಂಬುದೂ ಗೊತ್ತಿರಲಿ, ಖಾಸಗಿ ಡೈರಿಯಂಥದ್ದನ್ನು ಅಲ್ಲಿ ಹಾಯಿಸಬೇಡಿ. ನೋಡುವವರು ಮನೆಯವರು ಮಾತ್ರ ಅಂದರೆ ನಿಮ್ಮ ಯಂತ್ರಗಳ ನಡುವೆ ಖಾಸಗಿ ಜಾಲ ಕಟ್ಟುವ ಟೇಲ್‌ಸ್ಕೇಲ್ ಇನ್ನೂ ಒಳ್ಳೆಯದು.

ಸೈಟ್ ತೆರೆದ ದಿನವೇ ಲಾಗ್ (ಯಾರು ಏನು ಕೇಳಿದರೆಂದು ಸರ್ವರ್ ಬರೆದಿಡುವ ದಾಖಲೆ) ಓದಿ. ನಿಮ್ಮಲ್ಲಿ ವರ್ಡ್‌ಪ್ರೆಸ್ ಇಲ್ಲದಿದ್ದರೂ ಯಾವುದೋ ಬಾಟ್ (ತಾನಾಗಿ ಓಡುವ ಪ್ರೋಗ್ರಾಂ) ಬಂದು ಅದರ ಲಾಗಿನ್ ಪುಟ ಕೇಳುತ್ತಿರುತ್ತದೆ, ಇನ್ನೊಂದು ಬಾಟ್ ಪಾಸ್‌ವರ್ಡ್‌ಗಳನ್ನು ಇಡುವ ಎನ್ವ್ (.env) ಫೈಲ್ ಹುಡುಕುತ್ತದೆ. ಗಾಬರಿ ಬೇಡ, ಇದು ಎಲ್ಲರಿಗೂ ಆಗುವುದೇ. ಅಂಥ ಫೈಲ್ ವೆಬ್ ಫೋಲ್ಡರ್‌ನಲ್ಲಿ ಇರಬಾರದು, ಎಸ್‌ಎಸ್‌ಎಚ್‌ಗೆ (ದೂರದಿಂದ ಯಂತ್ರಕ್ಕೆ ಲಾಗಿನ್ ಆಗುವ ದಾರಿಗೆ) ಪಾಸ್‌ವರ್ಡ್ ಬದಲು ಕೀ ಫೈಲ್ ಇಡಿ, ಭದ್ರತಾ ಅಪ್‌ಡೇಟ್ ತಾನಾಗಿ ಆಗುವಂತೆ ಮಾಡಿ.

ಕರೆಂಟ್ ಲೆಕ್ಕ: 15 ವ್ಯಾಟ್ ಎಳೆದರೆ ತಿಂಗಳಿಗೆ ಸುಮಾರು 11 ಯೂನಿಟ್. ಕರೆಂಟ್ ಹೋದಾಗ ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದೆ, ರೂಟರ್‌ಗೆ ಇಲ್ಲ ಅಲ್ವಾ, ಹಾಗಾಗಿ ದುಡ್ಡು ಹಾಕುವುದಾದರೆ ಅದಕ್ಕೊಂದು ಮಿನಿ ಯುಪಿಎಸ್‌ಗೆ ಹಾಕಿ. ಲ್ಯಾಪ್‌ಟಾಪ್‌ನ ಬ್ಯಾಟರಿ ಉಬ್ಬಿದ್ದರೆ ಮಾತ್ರ ಮೊದಲು ಅದನ್ನು ತೆಗೆಸಿ, ಆಮೇಲೆ ಉಳಿದ ಕೆಲಸ.