ಬಲ್ಬು ನೋಡುತ್ತ ಎತ್ತರ ಮರೆತಾಗ

ಪ್ರಶ್ನೆ: ಆಟೊಪೈಲಟ್ ಹಾಕಿದ ಮೇಲೆ ವಿಮಾನ ಹೇಳಿದ ಎತ್ತರದಲ್ಲೇ ಹಾರಬೇಕಲ್ಲವೆ? ಕಾಕ್‌ಪಿಟ್‌ನಲ್ಲಿ ಇಬ್ಬರು ಕೂತಿರುವಾಗ ವಿಮಾನ ಇಳಿಯುತ್ತಿರುವುದು ಯಾರ ಗಮನಕ್ಕೂ ಬಾರದೆ ಹೋಗುವುದು ಸಾಧ್ಯವೆ?
– ಎಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಸಾಧ್ಯ. ಇಬ್ಬರೇನು, ನಾಲ್ವರಿದ್ದಾಗಲೂ ಆಗಿದೆ. 1972ರ ಡಿಸೆಂಬರ್ 29ರ ರಾತ್ರಿ ಈಸ್ಟರ್ನ್ ಏರ್‌ಲೈನ್ಸ್‌ನ 401ನೇ ವಿಮಾನ ನ್ಯೂಯಾರ್ಕಿನಿಂದ ಬಂದು ಮಯಾಮಿಯಲ್ಲಿ ಇಳಿಯುವುದಿತ್ತು. ಆಗಿನ ಹೊಚ್ಚಹೊಸ ಮಾದರಿಯಾದ ಲಾಕ್‌ಹೀಡ್ ಟ್ರೈಸ್ಟಾರ್ ಅದು. ಮೂಗಿನ ಚಕ್ರ ಇಳಿದು ಭದ್ರವಾಗಿ ಕೂತಿದೆ ಎಂದು ತೋರಿಸುವ ಹಸಿರು ದೀಪ ಹತ್ತಲಿಲ್ಲ. ಕ್ಯಾಪ್ಟನ್ ಇಳಿಯುವುದನ್ನು ಕೈಬಿಟ್ಟರು. ನಿಯಂತ್ರಣ ಕೇಂದ್ರದವರು 2,000 ಅಡಿಗೆ ಏರಿ ಪಶ್ಚಿಮಕ್ಕೆ ಹೋಗಲು ಹೇಳಿದರು. ಆಟೊಪೈಲಟ್ ಹಾಕಿದರು. ಇಲ್ಲಿಯವರೆಗೆ ಮಾಡಿದ್ದೆಲ್ಲ ಸರಿಯಾಗಿಯೇ ಇತ್ತು.

ಆಮೇಲೆ ಸಹ ಪೈಲಟ್ ದೀಪದ ಗೂಡನ್ನು ಬಿಚ್ಚಿದರು. ತಿರುಗಿ ಹಾಕುವಾಗ ಅದು ಸಿಕ್ಕಿಕೊಂಡಿತು. ಚಕ್ರ ಸರಿಯಾಗಿ ಕೂತಿದೆಯೇ ಎಂದು ಕಣ್ಣಾರೆ ನೋಡಲು ಫ್ಲೈಟ್ ಎಂಜಿನಿಯರ್ ಕಾಕ್‌ಪಿಟ್‌ನ ನೆಲದ ಕೆಳಗಿರುವ ಕೋಣೆಗೆ ಇಳಿದರು. ಜೊತೆಗೆ ಪ್ರಯಾಣಿಸುತ್ತಿದ್ದ ಕಂಪನಿಯ ನಿರ್ವಹಣಾ ತಜ್ಞರೂ ಕೈಜೋಡಿಸಿದರು. ಹೀಗೆ ನಾಲ್ವರ ಮನಸ್ಸೂ ಒಂದೇ ದೀಪದ ಮೇಲೆ ನೆಟ್ಟಿತು. ಕ್ಯಾಪ್ಟನ್ ಪಕ್ಕಕ್ಕೆ ತಿರುಗಿ ಮಾತಾಡುವಾಗ, ವಿಮಾನದ ಮೂಗನ್ನು ಏರಿಸಿ ಇಳಿಸುವ ಹಿಡಿಕೆಯಾದ ಕಂಟ್ರೋಲ್ ಕಾಲಮ್‌ಗೆ ಮೈ ಒತ್ತಿರಬೇಕು ಎಂಬುದು ತನಿಖೆಯಲ್ಲಿ ಕಂಡುಬಂದದ್ದು. ಆ ವಿಮಾನದ ವ್ಯವಸ್ಥೆ ಹೀಗಿತ್ತು: ಕಾಲಮ್ ಒತ್ತಿದರೆ ಆಟೊಪೈಲಟ್ ಪೂರ್ತಿ ಆಫ್ ಆಗುವುದಿಲ್ಲ, ಎತ್ತರ ಹಿಡಿದಿಡುವ ಕೆಲಸವನ್ನು ಮಾತ್ರ ಬಿಡುತ್ತದೆ. ಬಿಟ್ಟಿತು. ಮೂಗು ಕೂದಲೆಳೆಯಷ್ಟು ಬಾಗಿತು. ಇಳಿತ ಎಷ್ಟು ನಿಧಾನವೆಂದರೆ ಹೊಟ್ಟೆಯಲ್ಲಿ ತೇಲಿದ ಅನುಭವವೂ ಆಗುವುದಿಲ್ಲ. ಹೊರಗೆ ಎವರ್‌ಗ್ಲೇಡ್ಸ್ ಜೌಗು, ಕಗ್ಗತ್ತಲೆ, ಒಂದು ದೀಪವಿಲ್ಲ.

ನಿಗದಿತ ಎತ್ತರಕ್ಕಿಂತ 250 ಅಡಿ ಕೆಳಗೆ ಬಂದಾಗ ಎಚ್ಚರಿಕೆಯ ನಾದ ಒಮ್ಮೆ ಮೊಳಗಿತು. ಅದರ ಸ್ಪೀಕರ್ ಇದ್ದದ್ದು ಫ್ಲೈಟ್ ಎಂಜಿನಿಯರ್ ಕೂರುವ ಜಾಗದಲ್ಲಿ, ಅವರು ಆ ಹೊತ್ತಿಗೆ ಕೆಳಗಿದ್ದರು. ರಾಡಾರ್‌ನಲ್ಲಿ 900 ಅಡಿ ಎಂದು ಕಂಡ ನಿಯಂತ್ರಕರು ಎಲ್ಲ ಹೇಗೆ ನಡೆಯುತ್ತಿದೆ ಎಂದಷ್ಟೇ ಕೇಳಿದರು, ಎತ್ತರದ ಮಾತೆತ್ತಲಿಲ್ಲ. ನಮ್ಮ ಅಭಿಪ್ರಾಯದಲ್ಲಿ ಇಡೀ ಘಟನೆಯಲ್ಲಿ ಅತ್ಯಂತ ನೋವಿನ ಗಳಿಗೆ ಇದೇ. ‘ನಿಮ್ಮ ಎತ್ತರ ಎಷ್ಟು?’ ಎಂದು ಕೇಳಿದ್ದರೆ ಸಾಕಿತ್ತು. ವಿಮಾನ ಜೌಗಿಗೆ ಅಪ್ಪಳಿಸಿತು, ಅದರಲ್ಲಿದ್ದ 176 ಜನರಲ್ಲಿ 101 ಮಂದಿ ಸತ್ತರು. ಮೂಗಿನ ಚಕ್ರ ಸರಿಯಾಗಿಯೇ ಇಳಿದು ಕೂತಿತ್ತು, ಸುಟ್ಟುಹೋಗಿದ್ದದ್ದು ಬಲ್ಬುಗಳು ಮಾತ್ರ.

ಅವರಲ್ಲಿ ಯಾರೂ ಸೋಮಾರಿಗಳಲ್ಲ, ಎಲ್ಲರೂ ಮನಸ್ಸಿಟ್ಟು ಕೆಲಸ ಮಾಡುತ್ತಿದ್ದರು. ‘ನೀನು ವಿಮಾನ ಹಾರಿಸು, ದೀಪ ನಾನು ನೋಡುತ್ತೇನೆ’ ಎಂಬ ಒಂದು ಮಾತನ್ನು ಯಾರೂ ಆಡಲಿಲ್ಲ. ಇಂದು ಸಿಮ್ಯುಲೇಟರ್ ತರಬೇತಿಯಲ್ಲಿ ಯಾವ ತೊಂದರೆ ಬಂದರೂ ಮೊದಲು ಹೇಳಿಸುವುದು ಈ ಮಾತನ್ನೇ.

ಪ್ರಶ್ನೆ: ದುಬೈನಿಂದ ಬರುವ ವಿಮಾನದಲ್ಲಿ ಸಹ ಪೈಲಟ್ ಸೀಟು ಸರಿಸುವಾಗ ವಿಮಾನ ಸಾವಿರಾರು ಅಡಿ ಕುಸಿದಿತ್ತೆಂದು ಕೇಳಿದ್ದೆ. ನಿಜವೆ?
– ಗೃಹಿಣಿ, ಉಡುಪಿ

ಉತ್ತರ: ನಿಜ. 2010ರ ಮೇ 26, ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ದುಬೈ–ಪುಣೆ ವಿಮಾನ, ಬೋಯಿಂಗ್ 737-800. ಅದೇ ಸಂಸ್ಥೆಯ ವಿಮಾನ ಮಂಗಳೂರಿನಲ್ಲಿ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಜನ ತೀರಿಹೋಗಿ ಆಗ ನಾಲ್ಕೇ ದಿನವಾಗಿತ್ತು. 37,000 ಅಡಿಯಲ್ಲಿ ಹಾರುವಾಗ ಕಮಾಂಡರ್ ಶೌಚಾಲಯಕ್ಕೆ ಹೋದರು. ಒಬ್ಬರೇ ಉಳಿದ ಸಹ ಪೈಲಟ್ ಸೀಟನ್ನು ಮುಂದಕ್ಕೆ ಸರಿಸುವಾಗ ಕಂಟ್ರೋಲ್ ಕಾಲಮ್ ಮುಂದಕ್ಕೆ ಒತ್ತಿಹೋಯಿತು. 737ರಲ್ಲೂ ಕಾಲಮ್ ಜೋರಾಗಿ ಒತ್ತಿದರೆ ಆಟೊಪೈಲಟ್ ಎತ್ತರ ಹಿಡಿಯುವುದನ್ನು ಬಿಟ್ಟು ಕೈ ಹೇಳಿದಂತೆ ಕೇಳುತ್ತದೆ. ಮೂಗು ಕೆಳಗಾಯಿತು, ವೇಗ ಏರಿತು, ಗಾಬರಿಗೊಂಡ ಸಹ ಪೈಲಟ್‌ಗೆ ಸರಿಪಡಿಸಲಾಗಲಿಲ್ಲ. ಬಾಗಿಲನ್ನೂ ತೆರೆಯಲಾಗದೆ ಹೋದಾಗ ಕಮಾಂಡರ್ ತುರ್ತು ಸಂಕೇತ ಒತ್ತಿ ಒಳಬಂದು ವಿಮಾನವನ್ನು ಹಿಡಿತಕ್ಕೆ ತಂದರು. ಅಷ್ಟರಲ್ಲಿ ಸುಮಾರು 7,000 ಅಡಿ ಕಳೆದುಹೋಗಿತ್ತು. ಎಲ್ಲರೂ ಉಳಿದರು.

2014ರ ಆಗಸ್ಟ್‌ನಲ್ಲಿ ಜೆಟ್ ಏರ್‌ವೇಸ್‌ನ ಮುಂಬೈ–ಬ್ರಸೆಲ್ಸ್ ವಿಮಾನ ಟರ್ಕಿಯ ಅಂಕಾರಾ ಸಮೀಪ 34,000 ಅಡಿಯಿಂದ ಸುಮಾರು 5,000 ಅಡಿ ಇಳಿದದ್ದೂ ಇದೇ ಜಾತಿಯದು. ಕಮಾಂಡರ್ ನಿಯಮಬದ್ಧ ವಿಶ್ರಾಂತಿಯಲ್ಲಿದ್ದರು, ಸಹ ಪೈಲಟ್ ಹಾರಾಟದ ಮಾಹಿತಿಯಿರುವ ಟ್ಯಾಬ್ಲೆಟ್‌ನಲ್ಲಿ ಮುಳುಗಿದ್ದರು ಎಂದು ಆಗ ವರದಿಯಾಗಿತ್ತು. ಎಚ್ಚರಿಸಿದ್ದು ಟರ್ಕಿಯ ನಿಯಂತ್ರಣ ಕೇಂದ್ರ.

ಎರಡೂ ಕಡೆ ಕಾಕ್‌ಪಿಟ್‌ನಲ್ಲಿ ಎಚ್ಚರವಾಗಿದ್ದದ್ದು ಒಂದೇ ಜೊತೆ ಕಣ್ಣು. ಒಬ್ಬರೇ ಉಳಿದಾಗ ಸೀಟು ಸರಿಸಬಾರದು, ಊಟದ ತಟ್ಟೆ ತೊಡೆಯ ಮೇಲಿಟ್ಟುಕೊಳ್ಳಬಾರದು, ಲೆಕ್ಕಪತ್ರದ ಕೆಲಸ ತೆಗೆಯಬಾರದು. ಸೀಟಿನ ಹೊಂದಿಕೆ ಏನಿದ್ದರೂ ಇನ್ನೊಬ್ಬರು ಎದ್ದು ಹೋಗುವ ಮೊದಲೇ ಮುಗಿಯಬೇಕು.

ಪ್ರಶ್ನೆ: ಆಕಾಶ ಅಷ್ಟು ವಿಶಾಲವಾಗಿದೆ. ನಾಲ್ಕೈದು ನೂರು ಅಡಿ ಹೆಚ್ಚುಕಡಿಮೆಯಾದರೆ ಏನಂತೆ?
– ನಿವೃತ್ತ ಶಿಕ್ಷಕರು, ಕಲಬುರಗಿ

ಉತ್ತರ: 29,000ದಿಂದ 41,000 ಅಡಿಗಳ ನಡುವೆ ಒಂದರ ಮೇಲೊಂದು ಹಾರುವ ವಿಮಾನಗಳ ನಡುವಿನ ಅಂತರ ಬರೀ 1,000 ಅಡಿ. ಮೊದಲು ಅದು 2,000 ಇತ್ತು. ಭಾರತದಲ್ಲಿ 2003ರಲ್ಲಿ ಅರ್ಧಕ್ಕೆ ಇಳಿಯಿತು. ಬೆಂಗಳೂರಿನಿಂದ ಕೋಲ್ಕತ್ತಕ್ಕೆ ಹೋಗುವ ವಿಮಾನ 33,000 ಅಥವಾ 35,000 ಅಡಿಯಲ್ಲಿದ್ದರೆ, ಎದುರು ಬರುವುದು 34,000 ಅಥವಾ 36,000ದಲ್ಲಿ. ತಲಾ 850 ಕಿ.ಮೀ. ವೇಗವೆಂದರೂ ಎರಡೂ ಸೇರಿ ನಿಮಿಷಕ್ಕೆ 28 ಕಿ.ಮೀ. ಹತ್ತಿರವಾಗುತ್ತಿರುತ್ತವೆ. ಆದ್ದರಿಂದಲೇ ಆ ಎತ್ತರದಲ್ಲಿ 300 ಅಡಿ ತಪ್ಪಿದರೂ ವರದಿ ಮಾಡಬೇಕು. ನೀವು ಹೇಳಿದ 500 ಅಡಿಯೆಂದರೆ ಇರುವ ಅಂತರದ ಅರ್ಧ.

ಹರಿಯಾಣದ ಚರ್ಖಿ ದಾದ್ರಿಯ ಮೇಲೆ 1996ರ ನವೆಂಬರ್ 12ರಂದು ಆದದ್ದು ಇದೇ. ಕಜಕಿಸ್ತಾನದ ಇಲ್ಯೂಷಿನ್ ವಿಮಾನಕ್ಕೆ 15,000 ಅಡಿಯಲ್ಲಿ ನಿಲ್ಲಲು ಹೇಳಲಾಗಿತ್ತು, ದೆಹಲಿಯಿಂದ ಏರುತ್ತಿದ್ದ ಸೌದಿಯ ಜಂಬೊಗೆ 14,000. ಇಲ್ಯೂಷಿನ್ ತನ್ನ ಎತ್ತರ ಬಿಟ್ಟು ಕೆಳಗಿಳಿಯಿತು, ಎರಡೂ ಡಿಕ್ಕಿಯಾದವು. 349 ಜನರೂ ಸತ್ತರು. ಇಲ್ಲಿ ಕಾರಣ ಗಮನ ಬೇರೆಡೆ ಹೋದದ್ದಷ್ಟೇ ಅಲ್ಲ. ಆ ವಿಮಾನದಲ್ಲಿ ನಿಯಂತ್ರಣ ಕೇಂದ್ರದೊಂದಿಗೆ ಮಾತಾಡುತ್ತಿದ್ದವರು ರೇಡಿಯೊ ಆಪರೇಟರ್, ಅವರ ಮುಂದೆ ಸ್ವಂತ ಆಲ್ಟಿಮೀಟರ್ (ಗಾಳಿಯ ಒತ್ತಡದಿಂದ ಎತ್ತರ ತೋರಿಸುವ ಮಾಪಕ) ಇರಲಿಲ್ಲ. ಆದೇಶ ಕೇಳಿದವರು ಒಬ್ಬರು, ವಿಮಾನ ಹಾರಿಸಿದವರು ಇನ್ನೊಬ್ಬರು. ಎದುರು ವಿಮಾನವನ್ನು ಗುರುತಿಸಿ ‘ಏರು’, ‘ಇಳಿ’ ಎಂದು ಹೇಳುವ ಟಿಕ್ಯಾಸ್ ಉಪಕರಣ ನಮ್ಮ ಆಕಾಶದಲ್ಲಿ ಕಡ್ಡಾಯವಾದದ್ದು ಈ ದುರಂತದ ನಂತರ.

ಪ್ರಶ್ನೆ: ನಾನು ಪೈಲಟ್ ತರಬೇತಿ ಪಡೆಯುತ್ತಿದ್ದೇನೆ. ನಕ್ಷೆ ನೋಡಿ ತಲೆ ಎತ್ತುವಷ್ಟರಲ್ಲಿ 200 ಅಡಿ ಹೋಗಿರುತ್ತದೆ. ಹೇಗೆ ತಿದ್ದಿಕೊಳ್ಳಲಿ? ಮುಂದೆ ದೊಡ್ಡ ವಿಮಾನದಲ್ಲಿ ಏನು ಗಮನಿಸಬೇಕು?
– ವಿದ್ಯಾರ್ಥಿನಿ, ಬೆಂಗಳೂರು

ಉತ್ತರ: ಸೆಸ್ನಾದಂಥ ಚಿಕ್ಕ ವಿಮಾನದಲ್ಲಿ ಮೊದಲ ಮದ್ದು ಟ್ರಿಮ್, ಅಂದರೆ ಕೈ ಬಿಟ್ಟರೂ ಮೂಗು ಇದ್ದಲ್ಲೇ ನಿಲ್ಲುವಂತೆ ಮಾಡುವ ಹೊಂದಿಕೆ. ನಕ್ಷೆ ತೆಗೆಯುವ ಮುನ್ನ ಕೈ ಸಡಿಲಿಸಿ ನೋಡಿ, ಮೂಗು ಏರದೆ ಇಳಿಯದೆ ನಿಂತರೆ ಮಾತ್ರ ತಲೆ ಬಗ್ಗಿಸಿ. ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಬಗ್ಗಬೇಡಿ. ಒಂದು ಊರಿನ ಹೆಸರು ಓದಿ, ತಲೆ ಎತ್ತಿ ದಿಗಂತ, ಎತ್ತರ, ದಿಕ್ಕು ನೋಡಿ, ಮತ್ತೆ ನಕ್ಷೆಗೆ ಹೋಗಿ. ಪೆನ್ನು ಕೆಳಗೆ ಬಿದ್ದರೆ ಬಿಟ್ಟುಬಿಡಿ, ಇನ್ನೊಂದನ್ನು ಜೇಬಿನಲ್ಲಿ ಇಟ್ಟುಕೊಂಡಿರಿ.

ಆಲ್ಟಿಮೀಟರ್‌ನ ಒತ್ತಡದ ಅಂಕಿಯನ್ನು ಮಾತಿನ ನಡುವೆ ತಿರುಗಿಸಬೇಡಿ. ಒಂದು ಹೆಕ್ಟೊಪಾಸ್ಕಲ್ ಎಂದರೆ ಸುಮಾರು 28 ಅಡಿ. ಇಳಿಯುವಾಗ 1003 ಹಾಕಬೇಕಾದಲ್ಲಿ 1013 ಉಳಿದುಬಿಟ್ಟರೆ ನೀವು ಅಂದುಕೊಂಡದ್ದಕ್ಕಿಂತ 280 ಅಡಿ ಕೆಳಗಿರುತ್ತೀರಿ, ಮುಳ್ಳು ಮಾತ್ರ ಎಲ್ಲ ಸರಿಯಿದೆ ಎನ್ನುತ್ತಿರುತ್ತದೆ. ಬೆಂಗಳೂರಿನ ಜಕ್ಕೂರು ವಿಮಾನ ನಿಲ್ದಾಣದಲ್ಲಿ ನೆಲದ ಮೇಲೆ ಸ್ಥಳೀಯ ಒತ್ತಡ ಹಾಕಿದಾಗ ಮುಳ್ಳು 3,000 ಅಡಿಯ ಆಸುಪಾಸು ತೋರಿಸಬೇಕು. ಅದನ್ನು ಪ್ರತಿ ಸಲ ಬಾಯಿಬಿಟ್ಟು ಹೇಳಿಕೊಳ್ಳಿ.

ದೊಡ್ಡ ವಿಮಾನದಲ್ಲಿ ಹೊಸ ಎತ್ತರದ ಆದೇಶ ಬಂದಾಗ ಒಬ್ಬರು ಅದರ ಅಂಕಿಯನ್ನು ಆಟೊಪೈಲಟ್‌ಗೆ ಹಾಕುತ್ತಾರೆ, ಇನ್ನೊಬ್ಬರು ಆ ಅಂಕಿಗೆ ಬೆರಳು ತೋರಿಸಿ ಓದುತ್ತಾರೆ. ನೀವು ಕ್ಯಾಬಿನ್ ಜೊತೆಗೋ ಕಂಪನಿಯ ರೇಡಿಯೊದಲ್ಲೋ ಇದ್ದಾಗ ಬಂದ ಆದೇಶವನ್ನು ವಾಪಸು ಬಂದ ಕೂಡಲೇ ಕೇಳಿ ತಿಳಿದುಕೊಳ್ಳಿ, ಅನುಮಾನವಿದ್ದರೆ ನಿಯಂತ್ರಣ ಕೇಂದ್ರವನ್ನೇ ಕೇಳಿ. ಅಂಕಿ ಹಾಕಿದ ಮೇಲೆ ತಿರುಗಿಸಿದ ಗುಂಡಿಯನ್ನು ನೋಡದೆ ಪರದೆಯ ಮೇಲ್ಭಾಗದ ಮೋಡ್, ಅಂದರೆ ಆಟೊಪೈಲಟ್ ಈಗ ಏನು ಮಾಡುತ್ತಿದೆ ಎಂಬುದನ್ನು ಓದಿ. ಇಲ್ಲೊಂದು ಬಲೆ ಇದೆ: ಏರ್‌ಬಸ್ 320, ಬೋಯಿಂಗ್ 737 ಎರಡರಲ್ಲೂ ವಿಮಾನ ನಿಗದಿತ ಎತ್ತರವನ್ನು ಹಿಡಿಯಲು ಶುರುಮಾಡಿದ ಮೇಲೆ ಆ ಅಂಕಿಯನ್ನು ಬದಲಿಸಿದರೆ ಮೋಡ್ ತಾನಾಗಿಯೇ ವರ್ಟಿಕಲ್ ಸ್ಪೀಡ್‌ಗೆ ಜಾರಿ, ಆ ಕ್ಷಣದ ವೇಗದಲ್ಲೇ ಏರಿಕೆಯೋ ಇಳಿಕೆಯೋ ಮುಂದುವರಿಯುತ್ತದೆ. ಕೊನೆಯ 1,000 ಅಡಿಯಲ್ಲಿ ‘ಇನ್ನು ಸಾವಿರ’ ಎಂದು ಕೂಗಿ ಹೇಳಿ, ಏರಿಳಿಕೆಯನ್ನು ನಿಮಿಷಕ್ಕೆ 1,500 ಅಡಿಯ ಒಳಗೆ ತನ್ನಿ, ಎತ್ತರ ಹಿಡಿಯುವವರೆಗೆ ಬೇರೆ ಕೆಲಸ ತೆಗೆಯಬೇಡಿ. ಚೆಕ್‌ಲಿಸ್ಟ್ ನಡುವೆ ರೇಡಿಯೊ ಕರೆ ಬಂದರೆ ನಿಲ್ಲಿಸಿದ ಸಾಲಿನ ಮೇಲೆ ಹೆಬ್ಬೆರಳಿಡಿ. ನೆನಪಿಲ್ಲದಿದ್ದರೆ ಮೊದಲಿಂದ ಓದಿ.

ಪ್ರಶ್ನೆ: 10,000 ಅಡಿಯ ಕೆಳಗೆ ಪೈಲಟ್‌ಗಳು ಹರಟುವಂತಿಲ್ಲವಂತೆ. ಆಗ ಪ್ರಯಾಣಿಕರಿಗೆ ರೆಕ್ಕೆಯಲ್ಲಿ ಬೆಂಕಿ ಕಂಡರೆ?
– ಬ್ಯಾಂಕ್ ಉದ್ಯೋಗಿ, ಹುಬ್ಬಳ್ಳಿ

ಉತ್ತರ: ಹಾರಾಟಕ್ಕೆ ಸಂಬಂಧಿಸದ ಮಾತಿಗೆ ಮಾತ್ರ ತಡೆ. 1974ರಲ್ಲಿ ಅಮೆರಿಕದ ಷಾರ್ಲಟ್‌ನಲ್ಲಿ ಇಳಿಯುವ ಹೊತ್ತಿನಲ್ಲಿ ಪೈಲಟ್‌ಗಳು ರಾಜಕೀಯ, ಹಳೆ ಕಾರು ಎಂದು ಮಾತಾಡುತ್ತ ಎತ್ತರ ತಪ್ಪಿ 72 ಜನ ಸತ್ತರು. 1981ರಲ್ಲಿ ಅಲ್ಲಿ ಈ ನಿಯಮ ಬಂತು, ನಮ್ಮಲ್ಲೂ ಅದೇ ಪದ್ಧತಿ. ಸುರಕ್ಷತೆಯ ಸುದ್ದಿಗೆ ಯಾವ ತಡೆಯೂ ಇಲ್ಲ. 1989ರಲ್ಲಿ ಇಂಗ್ಲೆಂಡಿನ ಕೆಗ್‌ವರ್ತ್ ಬಳಿ ಬಿದ್ದ ವಿಮಾನದಲ್ಲಿ ಕೆಟ್ಟಿದ್ದದ್ದು ಎಡ ಎಂಜಿನ್, ಪೈಲಟ್‌ಗಳು ನಿಲ್ಲಿಸಿದ್ದು ಬಲಗಡೆಯದನ್ನು. ಎಡಗಡೆ ಬೆಂಕಿ ಕಂಡವರು ಕ್ಯಾಬಿನ್‌ನಲ್ಲಿ ಹಲವರಿದ್ದರು, ಸುದ್ದಿ ಕಾಕ್‌ಪಿಟ್ ಮುಟ್ಟಲಿಲ್ಲ, 47 ಜನ ಸತ್ತರು. ಆದ್ದರಿಂದ ಕಂಡ ತಕ್ಷಣ ಕರೆಗುಂಡಿ ಒತ್ತಿ ಸಿಬ್ಬಂದಿಗೆ ಹೇಳಿ. ಬರದಿದ್ದರೆ ಕೂತಲ್ಲಿಂದಲೇ ಗಟ್ಟಿಯಾಗಿ ಕೂಗಿ. ಎಡ ಬಲವನ್ನು ವಿಮಾನದ ಮೂಗಿನ ಕಡೆ ಮುಖ ಮಾಡಿಕೊಂಡು ಹೇಳಿ, ಜೊತೆಗೆ ನಿಮ್ಮ ಸೀಟಿನ ಸಾಲಿನ ಸಂಖ್ಯೆಯನ್ನೂ ಕೊಡಿ.