ಶಾಲೆಯಲ್ಲಿ ಮಾಸ್ಕ್, ಅಂತರ ಎಲ್ಲ ಇದ್ದರೂ ಕೊರೊನಾ ಕಾಲದಲ್ಲಿ ಹೊರಗಿನ ಒಂದು ಬರ್ತ್‌ಡೇ ಪಾರ್ಟಿಗೆ ಇಡೀ ಖಾಸಗಿ ಶಾಲೆ ಯಾಕೆ ಮುಚ್ಚಬೇಕಾಗುತ್ತಿತ್ತು? (ತುಮಕೂರು)

ಮಾಸ್ಕ್ ಕಳಚುವುದು ಊಟಕ್ಕೆ ಕೂತಾಗ. ಶಾಲೆಯಲ್ಲಿ ಬೆಂಚಿಗೊಬ್ಬರಂತೆ ಕೂತ ಮಕ್ಕಳೇ ಭಾನುವಾರ ಬಾಡೂಟದ ಪಂಕ್ತಿಯಲ್ಲಿ, ದೇವರಾಯನದುರ್ಗಕ್ಕೆ ಹೊರಟ ಕಾರಿನಲ್ಲಿ ಒತ್ತೊತ್ತಾಗಿ ಕೂರುತ್ತಿದ್ದರು. ಆರು ಅಡಿಯೊಳಗೆ, 24 ಗಂಟೆಯಲ್ಲಿ ಒಟ್ಟು 15 ನಿಮಿಷ ಕಳೆದರೆ ನಿಕಟ ಸಂಪರ್ಕ ಎಂದೇ ಆಗಿನ ಲೆಕ್ಕ.

ನಿಜವಾದ ಪೆಟ್ಟು ಸೆಕ್ಷನ್‌ಗಳು ಬೆರೆತಾಗ. 40 ಮಕ್ಕಳ ಒಂದು ಸೆಕ್ಷನ್‌ನಲ್ಲಷ್ಟೇ ಸೋಂಕಿದ್ದರೆ ಆ ತರಗತಿಯನ್ನು ನಿಲ್ಲಿಸಿದರೆ ಸಾಕಿತ್ತು. ಪಾರ್ಟಿಗೆ ಹೋದ ಎಂಟು ಮಕ್ಕಳು ಐದು ಸೆಕ್ಷನ್‌ನವರಾದರೆ 200 ಮಕ್ಕಳ ಪಟ್ಟಿ ಹಿಡಿದು ಕೂರಬೇಕಿತ್ತು. ಜೊತೆಗೆ ಗಣಿತದ ಮೇಷ್ಟ್ರು ಒಬ್ಬರೇ ನಾಲ್ಕೈದು ಸೆಕ್ಷನ್‌ಗೆ ಹೋಗುವವರು. ಅಂಥ ಮೂರ್ನಾಲ್ಕು ಜನ ಕ್ವಾರಂಟೈನ್ ಆದರೆ ಪಾಠ ಮಾಡುವವರೇ ಇಲ್ಲ. ರೋಗಿಗಳು ಕಡಿಮೆ ಇದ್ದರೂ ಬೀಗ ಬೀಳುತ್ತಿದ್ದುದು ಹೀಗೆ. ಗುಬ್ಬಿ, ಕುಣಿಗಲ್ ಕಡೆಯ ಮಕ್ಕಳನ್ನೆಲ್ಲ ಒಟ್ಟಿಗೆ ತುಂಬಿ ತರುವ ಶಾಲಾ ಬಸ್ಸು ಬೇರೆ.

ಲಕ್ಷಣ ಕಾಣುವ ಎರಡು ದಿನ ಮೊದಲೇ ಸೋಂಕು ಹರಡಬಲ್ಲದು, ಹಾಗಾಗಿ ಗೇಟಿನಲ್ಲಿ ಜ್ವರ ನೋಡುತ್ತಿದ್ದುದು ಹೆಚ್ಚುಕಡಿಮೆ ಶಾಸ್ತ್ರಕ್ಕೆ. ಪಾರ್ಟಿಯ ಮರುದಿನವೇ ಮಾಡಿಸಿದ ಟೆಸ್ಟ್ ನೆಗೆಟಿವ್ ಬಂದರೂ ನೆಚ್ಚಿಕೊಳ್ಳುವಂತಿಲ್ಲ. ಪಾರ್ಟಿಯ ದಿನವನ್ನು ಸೊನ್ನೆ ಎಂದು ಎಣಿಸಿ ಐದನೇ ದಿನ ಮಾಡಿಸಬೇಕಿತ್ತು. ದಿನವೂ ಬಸ್ಸಿನ ಸೀಟಿನ ಪಟ್ಟಿ ಬರೆದಿಟ್ಟರೆ ಯಾರನ್ನು ಮನೆಯಲ್ಲಿ ಉಳಿಸಬೇಕೆಂದು ಗಂಟೆಯೊಳಗೆ ಗೊತ್ತಾಗುತ್ತದೆ. ದಂಡ, ಟಿ.ಸಿ. ಎಂದು ಹೆದರಿಸಿದರೆ ಮಾತ್ರ ಪೋಷಕರು ಪಾರ್ಟಿಯ ವಿಷಯವನ್ನೇ ಮುಚ್ಚಿಡುತ್ತಾರೆ.