ಬಚ್ಚಲೊಲೆಯ ಬೂದಿ ಮತ್ತು ಡೇವಿ ಸಾಹೇಬರು

ಪತ್ರ: ಹೋದ ಸಂಚಿಕೆಯಲ್ಲಿ, ಪೊಟ್ಯಾಸಿಯಂ ಇದೆ ಅಂತ ಬಚ್ಚಲೊಲೆ ಬೂದಿಯನ್ನು ಬಾಯ್ತುಂಬ ಹೊಗಳಿದ್ದೀರಿ. ಆ ಪೊಟ್ಯಾಸಿಯಂ ಕಂಡುಹಿಡಿದವರು ಇಂಗ್ಲೆಂಡಿನ ವಿಜ್ಞಾನಿ ಹಂಫ್ರಿ ಡೇವಿ. ನಮ್ಮ ಅಜ್ಜಿಯರು ಪಾತ್ರೆ ತಿಕ್ಕಿದರು, ಅಷ್ಟೇ. ವಿಜ್ಞಾನಕ್ಕೂ ಒಲೆಗೂ ಯಾಕೆ ಗಂಟು ಹಾಕುತ್ತೀರಿ?
— ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ನಿಮ್ಮ ಮಾತು ಸರಿ. 1807ರಲ್ಲಿ ಲಂಡನ್ನಿನಲ್ಲಿ ಆ ಲೋಹವನ್ನು ಬೇರ್ಪಡಿಸಿದವರು ಡೇವಿಯವರೇ. ಅಜ್ಜಿಗೆ ಆ ಪಟ್ಟ ಕಟ್ಟುವ ಆಸೆ ನನಗಿಲ್ಲ.

ಆದರೆ ಡೇವಿಯವರು ಯಾವುದಕ್ಕೆ ಕರೆಂಟು ಹಾಯಿಸಿದರು ಗೊತ್ತಾ? ಸ್ವಲ್ಪ ತೇವ ಮಾಡಿದ ಪೊಟ್ಯಾಷ್ ಕ್ಷಾರಕ್ಕೆ. ಯುರೋಪಿನವರು ಸೌದೆ ಬೂದಿಯನ್ನು ನೀರಲ್ಲಿ ಕದಡಿ, ತಿಳಿನೀರು ಬಸಿದು, ಮಡಕೆಯಲ್ಲಿ ಬತ್ತಿಸುತ್ತಿದ್ದರು. ಮಡಕೆಗೆ ಅವರ ಮಾತಲ್ಲಿ ಪಾಟ್, ಬೂದಿಗೆ ಆಷ್. ಎರಡೂ ಸೇರಿ ಪೊಟ್ಯಾಷ್, ಅದರಿಂದ ಪೊಟ್ಯಾಸಿಯಂ. ಗಂಟು ಹಾಕಿದ್ದು ನಾನಲ್ಲ ಮಾರಾಯ್ರೇ, ಹೆಸರಲ್ಲೇ ಒಲೆ ಇದೆ!

ಲೋಹದ ಹನಿಗಳು ಉರಿಯುತ್ತ ಚಿಮ್ಮಿದ್ದು ಕಂಡು ಡೇವಿಯವರು ಕೋಣೆ ತುಂಬ ಕುಣಿದರಂತೆ. ಕುಣಿಯುವಂಥದ್ದೇ ಬಿಡಿ. ಚಾಕುವಿಗೆ ಬೆಣ್ಣೆಯ ಹಾಗೆ ಸಿಗುವ ಲೋಹ. ನೀರಿಗೆ ಬಿದ್ದರೆ ಮುಳುಗುವುದಿಲ್ಲ, ತೇಲುತ್ತ ತಿಳಿನೇರಳೆ ಜ್ವಾಲೆಯಲ್ಲಿ ಉರಿಯುತ್ತದೆ. ಅದಕ್ಕೇ ಎಣ್ಣೆಯಲ್ಲಿ ಮುಳುಗಿಸಿಡುತ್ತಾರೆ.

ನಮ್ಮಜ್ಜಿ ಇದನ್ನೆಲ್ಲ ನೋಡಿದವಳಲ್ಲ. ಆದರೆ ಬೂದಿ ಬುಟ್ಟಿ ಅಂಗಳದಲ್ಲಿ ಮಳೆಗೆ ನೆನೆದರೆ ಮನೆಮಂದಿಗೆಲ್ಲ ಬೈಗುಳ. "ಸತ್ವ ಎಲ್ಲ ಹಳ್ಳ ಸೇರ್ತು, ಇನ್ನು ಅದು ಬರೀ ಮಣ್ಣು" ಅನ್ನುತ್ತಿದ್ದಳು. ಪೊಟ್ಯಾಸಿಯಂ ಲವಣ ನೀರಲ್ಲಿ ಕರಗಿ ಹೋಗುವ ವಸ್ತು. ಅದನ್ನು ಅವಳು ಬೇರೆ ಭಾಷೆಯಲ್ಲಿ ಹೇಳಿದಳು, ಅಲ್ವಾ? ಅಡಿಕೆ ಮರವೊಂದಕ್ಕೆ ವರ್ಷಕ್ಕೆ 140 ಗ್ರಾಂ ಪೊಟ್ಯಾಷ್ ಕೊಡಿ, ಎರಡು ಕಂತಲ್ಲಿ ಕೊಡಿ ಅನ್ನುತ್ತಾರೆ ಕೃಷಿ ವಿಜ್ಞಾನಿಗಳು. ನಮ್ಮ ಮಳೆಗೆ ಒಮ್ಮೆಲೇ ಸುರಿದರೆ ಅದೂ ಹಳ್ಳಕ್ಕೇ.

ನನ್ನ ಸಿಟ್ಟು ಇರುವುದು ಬೇರೆ ಕಡೆ. ರಸಾಯನಶಾಸ್ತ್ರದಲ್ಲಿ ಪೊಟ್ಯಾಸಿಯಂಗೆ ಬರೆಯುವ ಗುರುತು 'ಕೆ' (K). ಹೈಸ್ಕೂಲಲ್ಲಿ ನಾನು ಎದ್ದು ನಿಂತು, "ಪೊಟ್ಯಾಸಿಯಂ ಅನ್ನೋದ್ರಲ್ಲಿ 'ಕೆ' ಅಕ್ಷರ ಎಲ್ಲಿದೆ ಸಾರ್?" ಎಂದು ಕೇಳಿದ್ದೆ. "ಸುಮ್ನೆ ಬಾಯಿಪಾಠ ಮಾಡು" ಎಂಬ ಉತ್ತರ ಬಂತು. ಆ 'ಕೆ' ಬಂದದ್ದು ಕೇಲಿಯಂ ಎಂಬ ಹೆಸರಿನಿಂದ. ಅದರ ಬೇರು ಅರಬ್ಬಿಯ ಅಲ್-ಖಲಿ, ಅಂದರೆ ಗಿಡ ಸುಟ್ಟ ಬೂದಿ. ಇಷ್ಟು ಹೇಳಿದ್ದರೆ, ಬೆಳಗ್ಗೆ ಹಂಡೆಯೊಲೆಗೆ ಸೌದೆ ತುಂಬಿ ಬಂದಿದ್ದ ಮಕ್ಕಳಿಗೆ ಆವರ್ತಕ ಕೋಷ್ಟಕ ಪರದೇಶದ್ದು ಅನ್ನಿಸುತ್ತಿರಲಿಲ್ಲ.

ಈಗ ಎಷ್ಟೋ ಮನೆಗಳ ತಾರಸಿ ಮೇಲೆ ಸೋಲಾರ್ ಬಂದಿದೆ. ಒಳ್ಳೆಯದೇ, ಕಾಡು ಉಳಿಯಲಿ. ಆದರೆ ಒಲೆ ಇನ್ನೂ ಇರುವ ಮನೆಗಳಲ್ಲೂ ಬೂದಿಯನ್ನು ಚರಂಡಿಗೆ ಸುರಿದು, ಹಡಗಲ್ಲಿ ಬಂದ ಪೊಟ್ಯಾಷಿಗೆ ಸೊಸೈಟಿ ಮುಂದೆ ಕ್ಯೂ ನಿಲ್ಲುತ್ತೇವೆ. ಬೂದಿಯೊಂದೇ ತೋಟಕ್ಕೆ ಸಾಲುವುದಿಲ್ಲ, ನಿಜ. ಹಾಗಂತ ಚೆಲ್ಲಬೇಕಾ?

ನಿಮ್ಮ ಕೈಬರಹ ಬಹಳ ಚೆಂದ ಇದೆ, ಇಂಥ ಜಗಳದ ಪತ್ರ ಇನ್ನೂ ಬರೆಯಿರಿ. ಹಾಗೇ ನಿಮ್ಮನೆಯಲ್ಲಿ ಬೂದಿ ಎಲ್ಲಿಗೆ ಹೋಗುತ್ತದೆ ಅಂತಲೂ ತಿಳಿಸಿ.